ಈ ಬಾಯಿ ನಂದಲ್ಲ

ಜೂನ್ 4

ಅತ್ತೆಯವರಿಗೆ,

ಫೋನಿನಲ್ಲಿ ನಾನು ಎಷ್ಟು ಕಿರುಚಿದರೂ ನಿಮಗೆ ಕೇಳಿಸುವುದು ಅರ್ಧ. ಆ ಅರ್ಧವನ್ನೂ ನಿಮ್ಮ ಮಗ ನಡುವೆ ನಿಂತು ತಮಗೆ ಬೇಕಾದ ಹಾಗೆ ತಿದ್ದಿ ಹೇಳುತ್ತಾರೆ. ನಲವತ್ತು ವರ್ಷ ಗ್ರೈಂಡಿಂಗ್ ಮೋಟಾರಿನ ಪಕ್ಕ ಕೂತು ಹಲ್ಲಿನ ಸೆಟ್ ಉಜ್ಜಿದ ಕಿವಿಗೆ ಇನ್ನು ಕಾಗದವೇ ಗತಿ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ನಾನು ಮಾಡುವುದೇನು ಎಂದು ನೀವು ಅವರನ್ನು ಕೇಳಿದಿರಂತೆ. ಬಿದ್ದು, ಗುದ್ದಿಸಿಕೊಂಡು, ಗಾಡಿಗೆ ಸಿಕ್ಕಿಕೊಂಡು ದವಡೆ ಮುರಿದವರು ಬರುತ್ತಾರೆ. ಮೂರನೇ ವರ್ಷದವರು ಚಾಕು ಹಿಡಿದು ಮೂಳೆ ಕೂಡಿಸುತ್ತಾರೆ. ಎರಡನೇ ವರ್ಷದವಳಾದ ನಾನು ರೋಗಿಯ ಕೆನ್ನೆಯನ್ನು ಕೊಕ್ಕೆಯಲ್ಲಿ ಎಳೆದು ಹಿಡಿದು ನಿಂತಿರುತ್ತೇನೆ. ಮೂರು ಗಂಟೆ, ಒಮ್ಮೊಮ್ಮೆ ಐದು ಗಂಟೆ. ಮೂಗು ತುರಿಸಿದರೂ ಮುಟ್ಟಿಕೊಳ್ಳುವ ಹಾಗಿಲ್ಲ. ಮೊದಲ ತಿಂಗಳೆಲ್ಲ ನನಗೆ ಕನಸಿನಲ್ಲೂ ಮೂಗೇ ತುರಿಸುತ್ತಿತ್ತು.

ವಿಭಾಗದ ಮುಖ್ಯಸ್ಥೆಯನ್ನು ನಾವೆಲ್ಲ ಎದುರಿಗೆ ಮೇಡಂ, ಬೆನ್ನ ಹಿಂದೆ ಹೆಡ್‌ಮಿಸ್ ಎನ್ನುತ್ತೇವೆ. ಮಾತು ಬಲು ಕಡಿಮೆ. ಸರಿ ಇದ್ದರೆ ‘ಹ್ಞೂಂ’, ಸರಿ ಇಲ್ಲದಿದ್ದರೆ ಅದೂ ಇಲ್ಲ. ವರ್ಷದ ಕೊನೆಗೆ ಅವರು ಒಂದು ಪಟ್ಟಿ ಹಾಕುತ್ತಾರೆ. ಪಟ್ಟಿಯಲ್ಲಿದ್ದವರು ಮೂರನೇ ವರ್ಷಕ್ಕೆ ಹೋಗಿ ಚಾಕು ಹಿಡಿಯುತ್ತಾರೆ. ಇಲ್ಲದವರು ಇನ್ನೊಂದು ವರ್ಷ ಕೊಕ್ಕೆ ಹಿಡಿಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಹೋದ ವರ್ಷ ಇಬ್ಬರು ಕಟ್ಟಿದರು.

ರಜೆ ಮುಗಿಸಿ ಹೊರಟ ದಿನ ಬಾಗಿಲಲ್ಲಿ ನೀವು ಆಡಿದ ಮಾತಿನ ಬಗ್ಗೆ ನಾನು ಬರೆಯುವುದಿಲ್ಲ. ಮಗಳಿಗೆ, ನನ್ನ ಗುಬ್ಬಿಗೆ, ಮುತ್ತು ಕೊಡಿ.

ನಿಮ್ಮ ಸೊಸೆ


ಜೂನ್ 15

ಸೊಸೆಗೆ,

ಕಾಗದ ಮುಟ್ಟಿತು. ಡಾಕ್ಟರಾದ ಮೇಲೆ ನಿನ್ನ ಅಕ್ಷರ ಇನ್ನಷ್ಟು ಕೆಟ್ಟಿದೆ. ಓದುವುದಕ್ಕೆ ಎರಡು ಕನ್ನಡಕ ಬೇಕಾಯಿತು.

ಗುಬ್ಬಿ ಚೆನ್ನಾಗಿದ್ದಾಳೆ. ಬೆಳಿಗ್ಗೆ ನನ್ನ ಜೊತೆ ಅಂಗಡಿಗೆ ಬಂದು, ಪ್ಲಾಸ್ಟರ್ ಕಲಸಿ, ಮೈಕೈಯೆಲ್ಲ ಬಿಳಿ ಮಾಡಿಕೊಂಡು, ಮಧ್ಯಾಹ್ನ ಅಲ್ಲೇ ಮೇಜಿನ ಕೆಳಗೆ ಮಲಗುತ್ತಾಳೆ. ಮೊನ್ನೆ ಒಬ್ಬ ನಿವೃತ್ತ ಮೇಷ್ಟರ ಹಲ್ಲಿನ ಸೆಟ್ಟನ್ನು ತನ್ನ ಕರಡಿ ಗೊಂಬೆಗೆ ಹಾಕಿ ಕೂರಿಸಿದ್ದಳು. ಮೇಷ್ಟರು ಬಂದವರೇ ಗೊಂಬೆಯನ್ನು ನೋಡಿ, “ನನಗಿಂತ ಅವನಿಗೇ ಚೆನ್ನಾಗಿ ಕೂತಿದೆಯಲ್ಲಮ್ಮ” ಎಂದರು. ನಾಚಿಕೆಯಿಂದ ನೆಲ ನೋಡುವ ಹಾಗಾಯಿತು.

ಐದು ಗಂಟೆ ನಿಲ್ಲುವವಳು ಕಾಲಿಗೆ ಬಿಗಿಯಾದ ಕಾಲುಚೀಲ ಹಾಕಿಕೋ. ನಿನ್ನ ಗಂಡನ ಕೈಯಲ್ಲಿ ಎರಡು ಜೊತೆ ಕಳಿಸಿದ್ದೇನೆ.

ಬಾಗಿಲಲ್ಲಿ ಆಡಿದ್ದರ ಬಗ್ಗೆ ನೀನು ಬರೆಯುವುದಿಲ್ಲ ಎಂದು ಬರೆದಿದ್ದೀಯ. ನಾನೂ ಬರೆಯುವುದಿಲ್ಲ.

ನಿನ್ನ ಅತ್ತೆ


ಸೆಪ್ಟೆಂಬರ್ 9

ಅತ್ತೆ,

ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಮೂರು ತಿಂಗಳು ಬರೆಯದವಳು ಈಗ ಜಂಬ ಕೊಚ್ಚುವುದಕ್ಕೆ ಬರೆಯುತ್ತಿದ್ದಾಳೆ ಎಂದುಕೊಳ್ಳಿ, ಅಡ್ಡಿಯಿಲ್ಲ.

ಮೊನ್ನೆ ಏಳರಂದು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವರೊಬ್ಬರ ಆಪರೇಷನ್ ಇತ್ತು. ಕ್ರೇಟುಗಳ ಮೇಲೆ ಹತ್ತಿ ನಿಂತು ಕೂಗುವಾಗ ಅಟ್ಟಿ ಜಾರಿ ಬಿದ್ದರಂತೆ. ಕೆಳದವಡೆ ಎರಡೂ ಕಡೆ ಕೋರೆಹಲ್ಲಿನ ಹಿಂದೆ ಮುರಿದು, ಮುಂದಿನ ತುಂಡು ಸಡಿಲವಾಗಿ ತೂಗಾಡುತ್ತಿತ್ತು. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಕೂಡಿ ಕೂರುವುದಕ್ಕೆ ನೀವು ಅಂಗಡಿಯಲ್ಲಿ ‘ಕಚ್ಚು’ ಎನ್ನುತ್ತೀರಲ್ಲ, ಮುರಿದ ದವಡೆಯಲ್ಲಿ ಮೊದಲು ಕೂಡಿಸಬೇಕಾದದ್ದು ಅದನ್ನೇ. ಕಚ್ಚು ಕೂಡಿಸಿ, ತಂತಿಯಲ್ಲಿ ಬಿಗಿದು, ಆಮೇಲೆ ಮೂಳೆಗೆ ಲೋಹದ ಪಟ್ಟಿ ಕೂರಿಸಿ ಸ್ಕ್ರೂ ಹಾಕುತ್ತಾರೆ. ಕಚ್ಚು ತಪ್ಪಿದರೆ ಉಳಿದದ್ದೆಲ್ಲ ತಪ್ಪಿದ ಹಾಗೆ.

ಹೆಡ್‌ಮಿಸ್ ನನ್ನ ಕಡೆ ತಿರುಗಿ, “ಕಚ್ಚು ನೀನು ಕೂಡ್ಸು” ಎಂದರು. ನನಗೆ! ಹರಾಜಿನವರಿಗೆ ಹಿಂದಿನ ಹಲ್ಲುಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಮುಂದಿನವೇ ದಿಕ್ಕು. ನಾನು ಕೂಡಿಸಿದೆ. ಮೇಲಿನ ಸಾಲು ಕೆಳಗಿನದನ್ನು ಎಷ್ಟು ಮುಚ್ಚಬೇಕೋ ಅಷ್ಟು, ಪುಸ್ತಕದಲ್ಲಿ ಬರೆದಿಟ್ಟ ಹಾಗೆ. ಮೇಡಂ ಬಗ್ಗಿ ನೋಡಿ, “ಹ್ಞೂಂ” ಎಂದರು. ಮರುದಿನ ಎಕ್ಸ್‌ರೇ ನೋಡಿದ ಮೂರನೇ ವರ್ಷದ ಸೀನಿಯರ್ ಚಪ್ಪಾಳೆಯನ್ನೇ ತಟ್ಟಿಬಿಟ್ಟರು. ಪಟ್ಟಿಯಲ್ಲಿ ನಾನಿದ್ದೇನೆ ಅತ್ತೆ, ಇದ್ದೇ ಇದ್ದೇನೆ.

ನಿಮ್ಮ ಸೊಸೆ


ಸೆಪ್ಟೆಂಬರ್ 13

ಅತ್ತೆ,

ಈ ಕಾಗದದ ಜೊತೆ ಒಂದು ಡಬ್ಬಿ ಬರುತ್ತದೆ. ಹತ್ತಿ ತುಂಬಿದ್ದೇನೆ, ಹುಷಾರಾಗಿ ಬಿಚ್ಚಿ. ಒಳಗೆ ಹರಾಜಿನವರ ಬಾಯಿಯ ಪ್ಲಾಸ್ಟರ್ ಅಚ್ಚು ಇದೆ, ಮೇಲಿನದೊಂದು, ಕೆಳಗಿನದೊಂದು.

ನಿಮಗೆ ಬರೆದ ದಿನವೇ ಸಂಜೆ ತಂತಿ ಬಿಚ್ಚಿದೆವು. ಅವರು ಬಾಯಿ ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ಆಮೇಲೆ ನನ್ನ ಮುಖ ನೋಡಿ, “ಡಾಕ್ಟ್ರಮ್ಮ, ಈ ಬಾಯಿ ನಂದಲ್ಲ” ಎಂದರು.

“ಊತ ಇದೆಯಲ್ಲ, ನಾಲ್ಕು ದಿನ ಹೋಗ್ಲಿ” ಎಂದೆ. ನಾಲ್ಕು ದಿನ ಹೋಯಿತು, ಊತವೂ ಇಳಿಯಿತು. ಅವರದು ಅದೇ ಮಾತು. ಅವರ ಹೆಂಡತಿ ರೇಗಿ, “ಎಕ್ಸ್‌ರೇ ಸರಿ ಇದೆ ಅಂತ ಅಷ್ಟು ಜನ ಡಾಕ್ಟರು ಹೇಳ್ತಿದ್ದಾರೆ, ಇವರಿಗೊಬ್ಬರಿಗೆ ಮಾತ್ರ ಸರಿ ಇಲ್ಲ” ಎಂದರು. ಅವರು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಕೂಗಿ ನೋಡಿ ಎಂದರೆ ಕೂಗುವುದಿಲ್ಲ. ಮಾರುಕಟ್ಟೆಯನ್ನೇ ನಡುಗಿಸುವ ಗಂಟಲಂತೆ ಅದು.

ಸೀನಿಯರ್ ಹೇಳುವುದೇನೆಂದರೆ, ತೆಪ್ಪಗಿರು. ರಬ್ಬರ್ ಹಾಕಿ ಆರು ವಾರ ಎಳೆದರೆ ಅದೇ ರೂಢಿಯಾಗುತ್ತದೆ, ಇಪ್ಪತ್ತರಂದು ಮನೆಗೆ ಕಳಿಸಿ ಕೈ ತೊಳೆದುಕೋ ಎಂದರು. ಮೇಡಂ ಒಪ್ಪಿದ ಕಚ್ಚನ್ನು ತಪ್ಪು ಎಂದು ಹೇಳುವುದು ಮೇಡಂಗೇ ತಪ್ಪು ಎಂದ ಹಾಗಲ್ಲವೇ? ಹೇಳಿದರೆ ಪಟ್ಟಿಯ ಆಸೆ ಬಿಡಬೇಕು. ಹೇಳದೆ ಇದ್ದರೆ, ಇನ್ನೊಂದು ವಾರ ಕಳೆದರೆ ಮೂಳೆ ಕೂಡಿಕೊಳ್ಳಲು ಶುರುವಾಗುತ್ತದೆ, ಬಿಚ್ಚುವುದು ಕಷ್ಟ.

ನಿಜವಾಗಿ ಎಲ್ಲಿ ತಪ್ಪಿದೆನೋ ನನಗೆ ಕಾಣುತ್ತಿಲ್ಲ. ಇಲ್ಲಿ ಯಾರೂ ಆಪರೇಷನ್ನಿಗೆ ಮೊದಲು ಅಚ್ಚು ತೆಗೆಯುವುದಿಲ್ಲ. ಸ್ಕ್ಯಾನ್ ಇದೆಯಲ್ಲ, ಅಚ್ಚು ಹಳೇ ಕಾಲದ್ದು ಎನ್ನುತ್ತಾರೆ. ನಿನ್ನೆ ನಾನೇ ಗುಟ್ಟಾಗಿ ತೆಗೆದೆ. ಪಾಪ, ನೋವು ನುಂಗಿಕೊಂಡು ಬಾಯಿ ತೆರೆದರು. ನೀವೊಂದು ಸಲ ನೋಡಿ. ಇಷ್ಟು ವರ್ಷ ಒಂದು ದಿನವೂ ನಿಮ್ಮನ್ನು ಏನೂ ಕೇಳಿದವಳಲ್ಲ, ಗೊತ್ತು.

ಅತ್ತೆ, ಎಲ್ಲ ಬಿಟ್ಟು ಮನೆಗೆ ಬಂದುಬಿಡಲೇ? ಅಂಗಡಿಯ ಪಕ್ಕದ ಕೋಣೆಯಲ್ಲಿ ಕ್ಲಿನಿಕ್ ಇಟ್ಟುಕೊಂಡು ಹಲ್ಲು ಕೀಳುತ್ತಾ ಇರುತ್ತೇನೆ. ನೀವು ಮೊದಲಿಂದ ಹೇಳುತ್ತಿದ್ದದ್ದೂ ಅದನ್ನೇ ಅಲ್ಲವೇ?

ನಿಮ್ಮ ಸೊಸೆ


ಸೆಪ್ಟೆಂಬರ್ 15

ಸೊಸೆಗೆ,

ಅಚ್ಚು ಒಡೆಯದೆ ಬಂತು. ಬಂದ ಮಧ್ಯಾಹ್ನವೇ ಕಿಟಕಿಯ ಬೆಳಕಿಗೆ ಹಿಡಿದು ಕೂತೆ. ಅಂಗಡಿಯ ಉಳಿದ ಕೆಲಸವೆಲ್ಲ ಹಾಗೇ ಬಿದ್ದಿದೆ.

ಮೊದಲು ನಿನ್ನನ್ನು ಬೈಯುತ್ತೇನೆ. ಪ್ಲಾಸ್ಟರ್ ಇಷ್ಟು ನೀರು ಮಾಡಿ ಯಾರಾದರೂ ಕಲಸುತ್ತಾರೇನೇ? ಅಚ್ಚಿನ ತುಂಬ ಗುಳ್ಳೆ. ಗುಬ್ಬಿ ಇದಕ್ಕಿಂತ ಚೆನ್ನಾಗಿ ಕಲಸುತ್ತಾಳೆ.

ಈಗ ಕೇಳು. ಮುಂದಿನ ಹಲ್ಲುಗಳ ತುದಿಯ ಮೇಲೆ ಬೆರಳಾಡಿಸು. ನೆಲಕ್ಕೆ ಉಜ್ಜಿದ ಸೀಮೆಸುಣ್ಣದ ಹಾಗೆ ಚಪ್ಪಟೆ, ಮೇಲಿನವೂ, ಕೆಳಗಿನವೂ. ಮೇಲಿನ ಸಾಲು ಕೆಳಗಿನದನ್ನು ಮುಚ್ಚಿಕೊಂಡು ಕೂರುವ ಬಾಯಲ್ಲಿ ತುದಿ ಹೀಗೆ ಸವೆಯುವುದಿಲ್ಲ, ಮೇಲಿನ ಹಲ್ಲಿನ ಒಳಮೈ ಸವೆಯುತ್ತದೆ. ಇವರ ಒಳಮೈ ಹೊಸ ತಟ್ಟೆಯ ಹಾಗೆ ಸವೆಯದೆ ಇದೆ. ಈ ಮನುಷ್ಯ ಹುಟ್ಟಿದಾಗಿನಿಂದ ತುದಿಗೆ ತುದಿ ತಾಗಿಸಿ ಕಚ್ಚಿದವರು. ನೀನು ಅವರ ದವಡೆಯನ್ನು ಹಿಂದಕ್ಕೆ ತಳ್ಳಿ ಪುಸ್ತಕದ ಬಾಯಿ ಮಾಡಿಟ್ಟಿದ್ದೀಯ. ಎಕ್ಸ್‌ರೇ ಚೆನ್ನಾಗಿ ಕಾಣದೆ ಇನ್ನೇನು? ಅದೂ ಪುಸ್ತಕವನ್ನೇ ಓದಿಕೊಂಡಿದೆ.

ಇನ್ನೊಂದು. ಎಡಗಡೆ ಕೋರೆಹಲ್ಲಿನ ಪಕ್ಕ ಮೇಲೊಂದು ಸಣ್ಣ ಕಚ್ಚುಗುಳಿ ಇದೆ, ಕೆಳಗೂ ಒಂದಿದೆ. ನೀನು ಇಟ್ಟ ಹಾಗೆ ಇಟ್ಟರೆ ಅವೆರಡೂ ಒಂದರ ಮುಖ ಒಂದು ನೋಡುವುದಿಲ್ಲ. ತುದಿಗೆ ತುದಿ ತಂದು, ಕೂದಲೆಳೆಯಷ್ಟು ಎಡಕ್ಕೆ ಜರುಗಿಸು. ಎರಡು ಗುಳಿಯೂ ಕೂಡಿ ದುಂಡಗೆ ಒಂದು ತೂತಾಗುತ್ತದೆ. ಗುಬ್ಬಿಯ ಪೆನ್ಸಿಲ್ ಕಿತ್ತುಕೊಂಡು ತೂರಿಸಿದೆ. ಸರಕ್ಕನೆ ಹೋಗಿ ಕೂತಿತು, ಅಚ್ಚು ಅಲುಗಾಡಲಿಲ್ಲ. ಎರಡು ಕೈಗೂ ಕೆಲಸವಿದ್ದು, ಪೆನ್ಸಿಲನ್ನು ವರ್ಷಗಟ್ಟಲೆ ಹಲ್ಲಲ್ಲಿ ಕಚ್ಚಿ ಹಿಡಿದ ಬಾಯಿ ಇದು. ಬೇಕಾದರೆ ಅವರನ್ನೇ ಕೇಳು.

ಇಷ್ಟು ಅಚ್ಚಿನ ಮಾತಾಯಿತು. ಇನ್ನು ಮನೆಗೆ ಬರುವ ಮಾತು. ಬಂದುಬಿಡು ತಾಯಿ ಎಂದು ನಾನು ಬರೆಯಲಿ ಎಂದು ನೀನು ಕಾಯುತ್ತಿದ್ದೀಯ. ಮೇ ತಿಂಗಳಲ್ಲಾದರೆ ಸಂತೋಷದಿಂದ ಬರೆಯುತ್ತಿದ್ದೆ. ಈಗ ಬರೆಯುವುದಿಲ್ಲ. ಒಬ್ಬ ಮನುಷ್ಯನಿಗೆ ಬೇರೆ ಯಾರದ್ದೋ ಬಾಯಿ ಹಾಕಿ ಓಡಿ ಬರುವವಳಿಗೆ ನನ್ನ ಅಂಗಡಿಯ ಪಕ್ಕ ಜಾಗವಿಲ್ಲ. ನಾನು ಸೆಟ್ ಸರಿ ಕೂರದಿದ್ದರೆ ಎಷ್ಟು ಸಲ ಒಡೆದು ಮತ್ತೆ ಮಾಡಿಲ್ಲ? ಗಿರಾಕಿ ‘ಸರಿ ಇಲ್ಲ’ ಎಂದರೆ ಸರಿ ಇಲ್ಲ, ಅಷ್ಟೇ. ಬಾಯಿ ಅವರದು.

ಅಚ್ಚನ್ನು ವಾಪಸು ಕಳಿಸಿದ್ದೇನೆ, ಪೆನ್ಸಿಲ್ ಸಮೇತ. ಹೋಗಿ ಹೇಳು.

ನಿನ್ನ ಅತ್ತೆ


ಸೆಪ್ಟೆಂಬರ್ 22

ಅತ್ತೆ,

ಹೇಳಿದೆ!

ಮೊದಲು ಅವರಿಗೇ ಹೇಳಿದೆ. ಡಬ್ಬಿ ಬಂದ ಹದಿನೇಳರ ಮಧ್ಯಾಹ್ನವೇ ವಾರ್ಡಿಗೆ ಹೋಗಿ ಅಚ್ಚನ್ನು ಮಂಚದ ಮೇಲಿಟ್ಟೆ. “ಪೆನ್ಸಿಲ್ ಕಚ್ಕೊಳ್ತೀರಾ?” ಎಂದು ಕೇಳಿದ್ದೇ ತಡ, ಎದ್ದು ಕೂತರು. “ಮೂವತ್ತು ವರ್ಷದಿಂದ, ಡಾಕ್ಟ್ರಮ್ಮ. ಒಂದು ಕೈಯಲ್ಲಿ ಪುಸ್ತಕ, ಒಂದು ಕೈಯಲ್ಲಿ ಸರಕು. ಪೆನ್ಸಿಲ್ ಇನ್ನೆಲ್ಲಿ ಇಟ್ಕೊಳ್ಲಿ? ನಿಮಗೆ ಯಾರು ಹೇಳಿದ್ರು?”

“ನಿಮ್ಮ ಹಲ್ಲು” ಎಂದೆ. ಆಮೇಲೆ ಹೇಳಿಯೇಬಿಟ್ಟೆ. ಕಚ್ಚು ತಪ್ಪಾಗಿದೆ, ಕೂಡಿಸಿದವಳು ನಾನು, ಸರಿಮಾಡಬೇಕಾದರೆ ಮತ್ತೆ ಬಿಚ್ಚಬೇಕು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಹೆಂಡತಿಯ ಕಡೆ ತಿರುಗಿ, “ಕೇಳಿದ್ಯಾ? ನಂಗೇನೂ ತಲೆ ಕೆಟ್ಟಿಲ್ಲ!” ಎಂದು ಗಳಗಳನೆ ಅತ್ತುಬಿಟ್ಟರು. ಆಕೆಯೂ ಅತ್ತರು. ನಾನು ಅಳಬಾರದು ಎಂದು ಅಚ್ಚನ್ನು ಹತ್ತಿಯಲ್ಲಿ ಸುತ್ತುತ್ತಾ ನಿಂತೆ, ಸುತ್ತಿದ್ದನ್ನೇ ಸುತ್ತುತ್ತಾ.

ಶನಿವಾರ ನಮ್ಮಲ್ಲಿ ತಪ್ಪುಗಳ ಸಭೆ. ವಾರದಲ್ಲಿ ಏನೇನು ಕೆಟ್ಟಿತು ಎಂದು ಹೇಳಿಕೊಳ್ಳುವುದಕ್ಕೆ ಇರುವ ಸಭೆ. ಹೆಸರಿಗೆ ಮಾತ್ರ ಅದು. ಎಲ್ಲರೂ ಬೇರೆ ಆಸ್ಪತ್ರೆಯಲ್ಲಿ ಕೆಟ್ಟು ಇಲ್ಲಿಗೆ ಬಂದವರ ಕಥೆಯನ್ನೇ ಹೇಳುತ್ತಾರೆ. ನಾನು ಏಳುವಾಗ ಸೀನಿಯರ್ ಕೋಟು ಹಿಡಿದು ಎಳೆದರು. ಆದರೂ ಮುಂದೆ ಹೋಗಿ, ಮೇಡಂ ಎದುರಿಗೇ ಅಚ್ಚನ್ನು ಮೇಜಿನ ಮೇಲಿಟ್ಟು, ಮೊದಲು ನಾನು ಕೂಡಿಸಿದ ಕಚ್ಚು ತೋರಿಸಿದೆ, ಆಮೇಲೆ ಅವರ ನಿಜವಾದ ಕಚ್ಚು. ಪೆನ್ಸಿಲ್ ತೂರಿಸಿದೆ. ಎರಡು ಅಚ್ಚನ್ನೂ ಒತ್ತಿ ಹಿಡಿದು, ಪೆನ್ಸಿಲ್ ಕೆಳಮುಖವಾಗುವ ಹಾಗೆ ತಿರುಗಿಸಿದೆ. ಬೀಳಲಿಲ್ಲ.

ಮೇಡಂ ಅಚ್ಚು ಈಸಿಕೊಂಡರು. ತಿರುಗಿಸಿ ನೋಡಿದರು, ಕನ್ನಡಕ ತೆಗೆದು ನೋಡಿದರು, ಹಲ್ಲುಗಳ ತುದಿಯ ಮೇಲೆ ಬೆರಳಾಡಿಸಿದರು.

“ಇದನ್ನ ಕಂಡುಹಿಡಿದಿದ್ದು ಯಾರು?”

“ನಮ್ಮತ್ತೆ, ಮೇಡಂ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಅತ್ತ ನೋಡಿದರು. ಕಿಸಕ್ಕು ಅಲ್ಲೇ ನಿಂತಿತು.

“ಅವರು ಏನ್ ಓದಿದ್ದಾರೆ?”

“ಹಲ್ಲು ಓದಿದ್ದಾರೆ, ಮೇಡಂ. ನಲವತ್ತು ವರ್ಷ.”

ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ ಅತ್ತೆ, ಬಂತು. ಅವರು ಅಚ್ಚು ಕೆಳಗಿಟ್ಟು ಎದ್ದು ನಿಂತರು. “ಕಚ್ಚು ಕೂಡಿಸಿದ್ದು ಇವಳು. ನೋಡಿ ‘ಹ್ಞೂಂ’ ಅಂದಿದ್ದು ನಾನು. ಇಬ್ಬರದೂ ತಪ್ಪು, ಬರ್ಕೊಳ್ಳಿ.” ಆಮೇಲೆ ನನ್ನ ಕಡೆ ತಿರುಗಿ, “ಸೋಮವಾರ ಬೆಳಿಗ್ಗೆ ಬಿಚ್ಚೋಣ. ಚಾಕು ನೀನು ತಗೋ. ಕೊಕ್ಕೆ ನಾನು ಹಿಡೀತೀನಿ” ಎಂದರು.

ಹಿಡಿದರು ಕೂಡ! ಎರಡೂ ಮುಕ್ಕಾಲು ಗಂಟೆ, ಇಪ್ಪತ್ತೈದು ವರ್ಷ ಇಲ್ಲಿ ಚಾಕು ಆಡಿಸಿದವರು ನನ್ನ ಎದುರಿಗೆ ಕೆನ್ನೆ ಎಳೆದು ಹಿಡಿದು ನಿಂತರು. ಹಳೇ ಪಟ್ಟಿಗಳನ್ನು ಬಿಚ್ಚಿದೆ. ಮೂಳೆ ಇನ್ನೂ ಮೆತ್ತಗಿತ್ತು, ತಡವಾಗಿರಲಿಲ್ಲ. ಮುಂದಿನ ತುಂಡನ್ನು ಮುಂದಕ್ಕೆ ತಂದು, ತುದಿಗೆ ತುದಿ ಇಟ್ಟು, ಕೂದಲೆಳೆಯಷ್ಟು ಎಡಕ್ಕೆ ಜರುಗಿಸಿದೆ. ಗುಳಿಗಳು ಕೂಡಿಕೊಂಡವು. ತಂತಿ ಬಿಗಿದು, ಹೊಸ ಪಟ್ಟಿ ಕೂರಿಸಿ, ಸ್ಕ್ರೂ ತಿರುಗಿಸಿದೆ. ಒಂದು ಸಲ ಮಾತ್ರ ಮೇಡಂ ಬಾಯಿ ಬಿಟ್ಟರು. “ನನ್ನ ಮೂಗು ತುರಿಸ್ತಿದೆ” ಎಂದರು. ನರ್ಸ್ ನಕ್ಕು ಸ್ಟೂಲ್ ಹಿಡಿದುಕೊಂಡರು.

ಇವತ್ತು ಬೆಳಿಗ್ಗೆ ತಂತಿ ಬಿಚ್ಚಿದೆ. ಅವರು ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಬಾಯಿ ಮುಚ್ಚಿದರು. ಟಕ್ ಎಂದಿತು. ಇನ್ನೊಂದು ಸಲ, ಟಕ್. ಕಣ್ಣು ತೆರೆದು, “ಬಂತು ಡಾಕ್ಟ್ರಮ್ಮ. ಇದು ನಂದೇ” ಎಂದರು.

ಅತ್ತೆ, ನನಗೆ ಎಷ್ಟು ಸಂತೋಷವಾಗಿದೆ ಎಂದು ಬರೆಯುವುದಕ್ಕೆ ಬರುವುದಿಲ್ಲ. ಪಟ್ಟಿಯಲ್ಲಿ ಹಾಕುತ್ತಾರೋ ಬಿಡುತ್ತಾರೋ ದೇವರಿಗೇ ಗೊತ್ತು. ತಪ್ಪು ಬರೆದುಕೊಂಡಿದ್ದಂತೂ ಆಗಿದೆ, ಅದನ್ನು ಅಳಿಸುವವರಿಲ್ಲ.

ನಿಮ್ಮ ಸೊಸೆ


ಸೆಪ್ಟೆಂಬರ್ 28

ಸೊಸೆಗೆ,

ನಿನ್ನ ಕಾಗದವನ್ನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳುತ್ತಿದ್ದೇನೆ. “ಹಲ್ಲು ಓದಿದ್ದಾರೆ” ಎಂಬಲ್ಲಿ ಸ್ವಲ್ಪ ನಿಲ್ಲಿಸಿ ಅವರ ಮುಖ ನೋಡುತ್ತೇನೆ. ನಿನ್ನ ಗಂಡ, “ಸಾಕಮ್ಮ, ಹತ್ತನೇ ಸಲ ಆಯ್ತು” ಎನ್ನುತ್ತಾನೆ. ಅವನಿಗೇನು ಗೊತ್ತು? ಹನ್ನೊಂದನೇ ಸಲವೂ ಓದಿದೆ.

ಈಗ ಇನ್ನೊಂದು ವಿಷಯ, ಒಂದೇ ಸಲ ಬರೆಯುತ್ತೇನೆ, ಚೆನ್ನಾಗಿ ಓದಿಕೋ. ಮಗುವನ್ನು ಬಿಟ್ಟು ಹೋಗುವವಳು ಎಂಥ ತಾಯಿ ಎಂದು ಮೇ ತಿಂಗಳಲ್ಲಿ ಬಾಗಿಲಲ್ಲಿ ನಿಂತು ಅಂದೆ. ಆ ಮಾತು ಆಡಬಾರದಿತ್ತು. ಗುಬ್ಬಿ ಎರಡು ದಿನ ಅತ್ತಳು, ಆಮೇಲೆ ಆಡಿಕೊಂಡಿದ್ದಾಳೆ. ನೀನಿಲ್ಲದೆ ಮನೆಯಲ್ಲಿ ಜಗಳಕ್ಕೆ ಜನ ಸಿಗದೆ ಒದ್ದಾಡಿದವಳು ನಾನು. ಅದನ್ನು ಹೇಳಿಕೊಳ್ಳಲಾಗದೆ ಮಗುವಿನ ಹೆಸರು ಮುಂದೆ ಮಾಡಿದೆ. ನೀನು ಅಷ್ಟು ಜನರ ಮುಂದೆ ಎದ್ದು ತಪ್ಪು ನನ್ನದು ಎಂದೆ. ನನಗೆ ಒಂದು ಕಾಗದದಲ್ಲಿ ಬರೆಯುವುದಕ್ಕೆ ಐದು ತಿಂಗಳು ಬೇಕಾಯಿತು.

ಪಟ್ಟಿಯಲ್ಲಿ ಹಾಕದಿದ್ದರೆ ಆ ಹೆಡ್‌ಮಿಸ್‌ಗೆ ನಾನೇ ಬರೆಯುತ್ತೇನೆ, ವಿಳಾಸ ಕಳಿಸು.

ನಿನ್ನ ಅತ್ತೆ


ಡಿಸೆಂಬರ್ 11

ಅತ್ತೆ,

ಆ ಕಾಗದವನ್ನು ಎಷ್ಟು ಸಲ ಓದಿದೆ ಎಂದು ನಾನೂ ಲೆಕ್ಕ ಹೇಳುವುದಿಲ್ಲ. ಜಗಳಕ್ಕೆ ಬೇಗ ಬರುತ್ತೇನೆ. ಹೆಡ್‌ಮಿಸ್ ವಿಳಾಸ ಮಾತ್ರ ದಮ್ಮಯ್ಯ ಎಂದರೂ ಕೊಡುವುದಿಲ್ಲ. ನೀವು ಬರೆದೇ ಬರೆಯುತ್ತೀರಿ ಎಂಬ ಭಯವಿದೆ.

ಈಗ ಇಲ್ಲಿ ದವಡೆ ಮುರಿದು ಯಾರೇ ಬಂದರೂ ಮೊದಲು ಅಚ್ಚು ತೆಗೆಯಬೇಕು, ಮೇಡಂ ಅಪ್ಪಣೆ. ಎಲ್ಲರ ಚಪ್ಪಲಿಯೂ ಬಿಳಿ. ಪ್ಲಾಸ್ಟರ್ ಹದ ಹೇಳಿಕೊಡುವವಳು ನಾನು, ನೀವು ಬೈದ ಧಾಟಿಯಲ್ಲೇ ಬೈಯುತ್ತೇನೆ.

ಇವತ್ತು ಬೆಳಿಗ್ಗೆ ಹರಾಜಿನವರು ಕೆಲಸಕ್ಕೆ ಮರಳಿದರು. ನಮ್ಮೆಲ್ಲರನ್ನೂ ಕರೆದಿದ್ದರು. ಆರು ಗಂಟೆಗೆ ಮಾರುಕಟ್ಟೆಗೆ ಹೋದೆವು, ನಾನು, ಸೀನಿಯರ್, ಇಬ್ಬರು ನರ್ಸುಗಳು. ನೋಡಿದರೆ ಮೇಡಂ ಆಗಲೇ ಬಂದು ಕೋಸಿನ ರಾಶಿಯ ಪಕ್ಕ ಕೈಕಟ್ಟಿ ನಿಂತಿದ್ದಾರೆ! ಲಾರಿ, ತಕ್ಕಡಿ, ತಳ್ಳುಗಾಡಿ, ಕಾಲಿಡಲು ಜಾಗವಿಲ್ಲ. ಕೊಳ್ಳುವವರೆಲ್ಲ ಹರಾಜಿನವರ ಬೆನ್ನು ತಟ್ಟುತ್ತಿದ್ದರು. “ಗಂಟಲು ಇದೆಯೋ, ಆಸ್ಪತ್ರೇಲೇ ಬಿಟ್ಟು ಬಂದ್ಯೋ?” ಎಂದು ಒಬ್ಬ ರೇಗಿಸಿದ. ಅವರು ಉತ್ತರ ಕೊಡದೆ ಕ್ರೇಟುಗಳ ಮೇಲೆ ಹತ್ತಿದರು.

ಕೂಗಿದರು ನೋಡಿ ಅತ್ತೆ! ಮಾಡಿನ ತಗಡು ಝಲ್ಲೆಂದಿತು. ಪಾರಿವಾಳಗಳು ಒಟ್ಟಿಗೆ ಎದ್ದು ಹಾರಿದವು. ಒಂದೊಂದು ಮಾತೂ ಕಡಿದಿಟ್ಟ ಹಾಗೆ ಬೇರೆ ಬೇರೆ, ಸ್ಪಷ್ಟ. ಬೆಲೆ ಏರಿಸುತ್ತಾ, ಕೊಳ್ಳುವವರನ್ನು ಕಿಚಾಯಿಸುತ್ತಾ, ಕೆಣಕುತ್ತಾ ಹೋದರು. ಆ ದವಡೆ ಮೇಲೆ ಕೆಳಗೆ ಆಡುವುದನ್ನೇ ನೋಡುತ್ತಾ ನಿಂತಿದ್ದೆ. ನಾನು ಕೂಡಿಸಿದ ದವಡೆ. ಅವರ ಕೂಗಿನ ತಾಳಕ್ಕೆ ನನಗೇ ಗೊತ್ತಿಲ್ಲದೆ ತಲೆಯಾಡಿಸುತ್ತಿದ್ದೆ, ಕಣ್ಣಲ್ಲಿ ನೀರು ಬೇರೆ.

“ಒಂದನೇ ಸಾರಿ! ಎರಡನೇ ಸಾರಿ! ಮೂರನೇ ಸಾರಿ! ಹದಿನೆಂಟು ಕ್ರೇಟ್ ಟೊಮೇಟೊ, ನಮ್ಮ ಡಾಕ್ಟ್ರಮ್ಮಂಗೆ!”

ನಾನು ಬೆಚ್ಚಿಬಿದ್ದೆ. ಅಲ್ಲಿ ತಲೆಯಾಡಿಸಿದರೆ ಕೊಂಡ ಹಾಗಂತೆ! ಅಯ್ಯೋ ಬೇಡ, ಬೇಡ ಎಂದೆ. ಮಾರುಕಟ್ಟೆಗೆ ಮಾರುಕಟ್ಟೆಯೇ ನಗುತ್ತಿತ್ತು, ಯಾರು ಕೇಳುತ್ತಾರೆ? ಅವರು ಪುಸ್ತಕ ತೆರೆದು, ತುಂಟತನದಿಂದ ನನ್ನ ಕಡೆ ನೋಡಿ, “ಕೊಂಡವರು ಯಾರು ಅಂತ ಬರ್ಕೊಳ್ಲಿ?” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಮೇಡಂ ಹೇಳಿದರು. “ಮೂರನೇ ವರ್ಷದ ಸರ್ಜನ್ ಅಂತ ಬರ್ಕೊಳ್ಳಿ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವರನ್ನು ನೋಡಿದೆ. ಅವರು ನನ್ನನ್ನು ನೋಡದೆ ಕೋಸನ್ನೇ ನೋಡುತ್ತಾ, “ಪಟ್ಟಿ ಸೋಮವಾರ ಹಾಕ್ತೀನಿ. ಟೊಮೇಟೊ ಈಗಲೇ ಎತ್ತಿಸು” ಎಂದರು.

ನಿಮ್ಮ ಸೊಸೆ, ಸರ್ಜನ್